ಮೂರನೆಯ ಭಾಗಕ್ಕೆ ಮುಂಚಿನ ಮೌನ

“ಇಲೋನಾ ಅಕ್ಕ, ಈ ಟೇಪಿಗೆ ಯಾರೋ ಬ್ಲೇಡು ಹಾಕಿದಾರೆ,” ಎಂದಳು ನೊಯೆಮಿ, ಸ್ಟುಡಿಯೊದಲ್ಲಿ ಹಳೆಯ ಟೇಪುಗಳನ್ನು ಹೊಸ ತಟ್ಟೆಗಿಳಿಸುವವಳು.

ಯಂತ್ರದ ಎರಡು ಚಕ್ರಗಳ ನಡುವೆ ಕಂದು ಟೇಪು ತುಂಡಾಗಿ ಜೋತುಬಿದ್ದಿತ್ತು. ಅವಳು ಕಡಿದದ್ದಲ್ಲ. ಎಂದೋ ಯಾರೋ ಓರೆಯಾಗಿ ಕತ್ತರಿಸಿ, ಹಿಂದಿನಿಂದ ಬಿಳಿಯ ಅಂಟುಪಟ್ಟಿ ಹಚ್ಚಿ ಜೋಡಿಸಿದ್ದ ಜಾಗ. ಅಂಟು ಒಣಗಿ, ಇವತ್ತು ಚಕ್ರ ಸುತ್ತಿದ್ದೇ ತಡ ಕಳಚಿಕೊಂಡಿತ್ತು.

“ಎಲ್ಲಿ ಬರುತ್ತೆ ಇದು?”

“ಎರಡನೇ ಭಾಗ ಮುಗಿದು ಮೂರನೇದು ಶುರುವಾಗೋ ಮುಂಚೆ. ಆ ಮೌನದಲ್ಲಿ.”

ಆ ಮೌನ! ನನಗೆ ನಗು ಬಂತು, ಒಳ್ಳೆಯ ನಗುವಲ್ಲ. ಪಿಯಾನೊ ದೊರೆ ತೋರ್ದಾಯ್ ಆಗೊಷ್ಟ್ ಅರವತ್ತೇಳರ ಜುಲೈ ಸೆಕೆಯಲ್ಲಿ, ಬುಡಾಪೆಸ್ಟಿನ ಬೂಡಾ ಭಾಗದ ಹಳೆಯ ನೃತ್ಯಶಾಲೆಯಲ್ಲಿ ಕೂತು, ಹಲವು ಭಾಗಗಳ ಒಂದು ಇಡೀ ಸೊನಾಟಾ ಕೃತಿಯನ್ನು ಎಲ್ಲೂ ನಿಲ್ಲಿಸದೆ ಒಂದೇ ಉಸಿರಿನಲ್ಲಿ ನುಡಿಸಿದರಂತೆ. ಮೂರನೆಯ ಭಾಗಕ್ಕೆ ಮುಂಚೆ ಅವರು ಹಿಡಿದ ಮೌನ ಸಂಗೀತಕ್ಕಿಂತ ದೊಡ್ಡದಂತೆ. ಬುಡಾಪೆಸ್ಟಿನ ವಿಮರ್ಶಕರೆಲ್ಲ ಅದರ ಬಗ್ಗೆ ಬರೆದು ಬರೆದು ಬೆರಳು ಸವೆಸಿಕೊಂಡಿದ್ದಾರೆ. ಈಗ ಆ ರೆಕಾರ್ಡುಗಳನ್ನು ಮತ್ತೆ ಕಪ್ಪು ತಟ್ಟೆಗಳಲ್ಲಿ ಅಚ್ಚು ಹಾಕಿ, ಭಾರಿ ಪೆಟ್ಟಿಗೆಯಲ್ಲಿಟ್ಟು ಕ್ರಿಸ್‌ಮಸ್ಸಿಗೆ ಮಾರಲು ಬೆನ್ಸೆ ಎಂಬ ಕಂಪನಿ ಯಜಮಾನ ತುದಿಗಾಲಲ್ಲಿ ನಿಂತಿದ್ದ.

ಅದೇ ದಿನ, ಅದೇ ಕಟ್ಟಡದ ಹಿಂಬದಿಯ ಕಬ್ಬಿಣದ ಮೆಟ್ಟಿಲಿನಿಂದ ಬಿದ್ದು, ಪಿಯಾನೊಗೆ ಶ್ರುತಿ ಕೂಡಿಸುತ್ತಿದ್ದ ಅಂಬ್ರುಷ್ ಸತ್ತ. ಜೇಬಿನಲ್ಲಿ ಪಾಲಿಂಕಾ ಸಾರಾಯಿಯ ಸೀಸೆ. ಮೆಟ್ಟಿಲ ಕಂಬಿ ಭದ್ರವಾಗಿದೆ, ಮನುಷ್ಯ ಭದ್ರವಾಗಿರಲಿಲ್ಲ ಎಂದರು ಪೊಲೀಸರು. ಮಿಕ್ಕವರೆಲ್ಲ ಧ್ವನಿಮುದ್ರಣದಲ್ಲಿದ್ದರು, ಅದಕ್ಕೆ ತಡೆಯಿಲ್ಲದ ಟೇಪೇ ಸಾಕ್ಷಿ. ಫೈಲು ಮುಚ್ಚಿತು.

ಪೆಟ್ಟಿಗೆಯ ಜೊತೆಗಿನ ಪುಸ್ತಿಕೆಯಲ್ಲಿ ಅದು ಒಂದು ತಮಾಷೆಯ ಸಾಲಾಗಿ ಅಚ್ಚಾಗಲಿತ್ತು: ‘ಕುಡುಕ ಶ್ರುತಿಗಾರನ ಸಾವೂ ಮಹಾನುಭಾವರ ಏಕಾಗ್ರತೆಯನ್ನು ಕೆಡಿಸಲಿಲ್ಲ.’ ಅಂಬ್ರುಷ್‌ನ ಮಗಳು ವಿಲ್ಮಾ ನನ್ನ ಬಾಗಿಲು ತಟ್ಟಿದ್ದು ಆ ಒಂದು ಪದಕ್ಕಾಗಿ. ಕುಡುಕ. ಸಂಜೆಯೊಳಗೆ ಪುರಾವೆ ತಂದರೆ ಸಾಲು ತೆಗೆಸುತ್ತೇನೆ, ಇಲ್ಲದಿದ್ದರೆ ಮುದ್ರಣ ಶುರು ಎಂದು ಬೆನ್ಸೆ ಬೆಳಿಗ್ಗೆಯೇ ಹೇಳಿಬಿಟ್ಟಿದ್ದ.

ವಿಲ್ಮಾ ಮೂಲೆಯ ಕುರ್ಚಿಯಲ್ಲಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಟ್ರಾಮ್ ಓಡಿಸುವವಳು, ಕೋಟಿನ ಕೆಳಗೆ ಇನ್ನೂ ಸಮವಸ್ತ್ರ. ಆ ಸಾವಿನ ಮರುವರ್ಷ ನಮ್ಮ ಮನೆಯವರು ಅವಳಿದ್ದ ವಠಾರಕ್ಕೆ ಬಾಡಿಗೆಗೆ ಬಂದದ್ದು. ಅಲ್ಲಿ ಅವಳಿಗೆ ಹೆಸರೇ ಇರಲಿಲ್ಲ. ಕುಡುಕನ ಮಗಳೇ ನೀರು ಚೆಲ್ಲಬೇಡ, ಕುಡುಕನ ಮಗಳೇ ಮೆಟ್ಟಿಲಲ್ಲಿ ಓಡಬೇಡ. ಅವಳ ಅಮ್ಮ ಎತೆಲ್ಕಾ ಕಿವಿ ಕೇಳಿಸದವಳ ಹಾಗೆ ಬಟ್ಟೆ ಹರವುತ್ತಿದ್ದಳು.

“ನಾನು ಬಡ್ಕೊಳ್ಳಲಿಲ್ವಾ?” ವಿಲ್ಮಾ ಎದ್ದು ಬಂದಳು. “ನುಡಿಸೋದು ನಿಲ್ಲಿಸಿದಾನೆ. ಹೊರಗೆ ಹೋಗಿ ನಮ್ಮಪ್ಪನ್ನ ತಳ್ಳಿ, ಬಂದು ಏನೂ ಆಗ್ದೇ ಇರೋ ಥರ ಮತ್ತೆ ಕೂತಿದಾನೆ. ಆಮೇಲೆ ಇವ್ರು ಸೇರ್ಕೊಂಡು ಟೇಪಿಗೆ ತೇಪೆ ಹಾಕಿದಾರೆ. ಬೆಳಿಗ್ಗೆ ಅಪ್ಪಂಗೂ ಅವನಿಗೂ ಜಗಳ ಆಗಿತ್ತು ಅಂತ ಅಮ್ಮ ಹೇಳ್ತಾಳೆ.”

“ನೀನು ಅವತ್ತು ಅಲ್ಲಿರಲಿಲ್ಲ ತಾನೆ?”

“ಎಷ್ಟು ಸಲ ಕೇಳ್ತೀಯೆ? ಆರು ವರ್ಷದವಳು, ಸೆಂತೆಶ್‌ನಲ್ಲಿ ಅಜ್ಜಿ ಮನೆಲಿದ್ದೆ. ಅಮ್ಮಂಗೆ ಆ ಕಟ್ಟಡದ ಕ್ಯಾಂಟೀನ್ ಕೆಲಸ, ರಜೆಲಿ ನನ್ನ ಅಲ್ಲಿಗೆ ಕಳಿಸಿದ್ಲು.”

“ನಿಂಗೆ ನೆನಪಿದೆಯಾ?”

“ಅಮ್ಮ ಹೇಳಿದಾಳಲ್ಲ.”

ಇಷ್ಟು ವರ್ಷ ಪೊಲೀಸ್ ಕೆಲಸ ಮಾಡಿದ ನಾನು ಆ ಮಾತಿನಲ್ಲೇ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ತೋರ್ದಾಯ್‌ನ ಮೇಲೆ ನನಗೂ ಹೊಟ್ಟೆ ಉರಿಯುತ್ತಿತ್ತು. ಸತ್ತು ನಲವತ್ತು ವರ್ಷವಾದರೂ ಹೂವಿನ ಹಾರ ಬಾಡದ ಮನುಷ್ಯ ಅವನು.

“ಇನ್ನೊಂದಿದೆ ಅಕ್ಕ,” ನೊಯೆಮಿ ದನಿ ತಗ್ಗಿಸಿದಳು. “ಕತ್ತರಿಸಿದ ಜಾಗಕ್ಕೆ ಸ್ವಲ್ಪ ಮುಂಚೆ ನೆರಳಿದೆ.”

“ನೆರಳಾ?”

“ಟೇಪು ಪದರದ ಮೇಲೆ ಪದರ ಸುತ್ಕೊಂಡು ಮಲಗಿರುತ್ತೆ. ಒಂದು ಪದರದಲ್ಲಿ ಜೋರು ಸದ್ದಿದ್ರೆ ಪಕ್ಕದ ಪದರಕ್ಕೂ ಸ್ವಲ್ಪ ಹತ್ಕೊಳ್ಳುತ್ತೆ, ಹಸಿ ಬಟ್ಟೆ ಬಣ್ಣ ಪಕ್ಕದ ಬಟ್ಟೆಗೆ ಹತ್ತುತ್ತಲ್ಲ ಹಾಗೆ. ಸೆಕೆಯಲ್ಲಿ ಇನ್ನೂ ಜಾಸ್ತಿ. ಆಮೇಲೆ ಆ ಸದ್ದಿನ ತುಂಡನ್ನ ಕತ್ತರಿಸಿ ಎಸೆದ್ರೂ ಪಕ್ಕದ ಪದರದಲ್ಲಿ ನೆರಳು ಉಳ್ಕೊಳ್ಳುತ್ತೆ. ಒಂದು ಸುತ್ತಿನಷ್ಟು. ಒಂದೆರಡು ಮಾತು ಅಷ್ಟೆ.”

“ಅಂದ್ರೆ ಏನನ್ನೋ ತೆಗೆದುಹಾಕಿದಾರೆ. ಅವತ್ತೇನಾ?”

“ಅವತ್ತೇ ಕತ್ತರಿಸಿದ್ರೆ ನೆರಳು ಬೀಳ್ತಾನೇ ಇರ್ಲಿಲ್ಲ. ಕೆಲವು ದಿನ ಹಿಂದೆಮುಂದೆ ನೋಡಿದಾರೆ. ಮನುಷ್ಯರ ದನಿ ಅಂತ ಗೊತ್ತಾಗ್ತಿದೆ, ಮಾತು ಬಿಡಿಸೋಕೆ ಆಗ್ತಿಲ್ಲ. ಗರಗರ ಎಲ್ಲ ಸೋಸ್ಬೇಕು, ಸ್ವಲ್ಪ ಹೊತ್ತು ಕೊಡಿ.”

“ಆ ಕಿರ್ ಕಿರ್ ಸದ್ದು ಏನು?”

“ಅದು ತೋರ್ದಾಯ್ ಅವ್ರ ಕುರ್ಚಿ. ಅವ್ರು ಒಂಚೂರು ಮಿಸುಕಿದ್ರೂ ಕಿರುಗುಟ್ಟುತ್ತೆ. ಅಭಿಮಾನಿಗಳಿಗೆ ಅದೂ ಪ್ರಸಾದ, ತೆಗೀಬೇಡ ಅಂತ ಬೆನ್ಸೆ ತಾಕೀತು ಮಾಡಿದಾನೆ.”

ಅಷ್ಟರಲ್ಲಿ ಬಾಗಿಲು ತೆರೆದುಕೊಂಡಿತು. ಊರುಗೋಲು ಮೊದಲು ಬಂತು, ಹಿಂದೆ ದೆಜೊ ಮಾಮ. ಆ ಕಾಲದ ಧ್ವನಿಮುದ್ರಕ, ನನಗೆ ಚಿಕ್ಕಂದಿನಿಂದ ಪರಿಚಯ. ತೋರ್ದಾಯ್‌ನ ಒಂದೊಂದು ಸ್ವರವನ್ನೂ ಹಿಡಿದ ಕೈ ಅವರದು. ಮೂಲತಟ್ಟೆಗೆ ಗೀರು ಕೊರೆದ ಮೇಲೆ, ನಡುವಿನ ಖಾಲಿ ಅಂಚಿನಲ್ಲಿ ಕೊರೆದವನು ಸೂಜಿಯಿಂದ ತನ್ನ ಗುರುತು ಗೀಚುವುದು ಈ ಕಸುಬಿನ ರೂಢಿ. ಹೊಸ ತಟ್ಟೆಯಲ್ಲೂ ಅವರದೇ ಗುರುತು ಇರಲಿ ಎಂದು ನೊಯೆಮಿ ಅವರನ್ನು ಕರೆಸಿದ್ದಳು.

“ಏನು ಇನ್ಸ್‌ಪೆಕ್ಟರಮ್ಮ, ಸಂಗೀತಕ್ಕೂ ಕೈಕೋಳ ತೊಡ್ಸೋಕೆ ಬಂದ್ಯಾ?” ಅವರು ನಕ್ಕರು. ನಗುತ್ತಲೇ ಜೋತುಬಿದ್ದ ಟೇಪನ್ನು ಕಂಡರು. ನಗು ಹಾಗೇ ಉಳಿಯಿತು, ಕಣ್ಣು ಮಾತ್ರ ಬೇರೆಯಾಯಿತು.

“ಕೂತ್ಕೊಳ್ಳಿ ಮಾಮ. ಒಂದೇ ಉಸಿರಿನ ಟೇಪು ಎರಡು ತುಂಡಾಗಿದೆ.”

“ಓ, ಅದಾ. ಯಾರೋ ಕೆಮ್ಮಿದ್ರು. ತೆಗೆದೆ.”

“ಒಳಗಿದ್ದದ್ದು ನೀವು, ತೋರ್ದಾಯ್. ಕೆಮ್ಮಿದ್ದು ಯಾರು, ಪಿಯಾನೋನಾ?”

“ನಿನ್ನ ನಾಲಿಗೆ ಇನ್ನೂ ಹಾಗೇ ಇದೆ.” ಅವರು ಕೋಟಿನ ಎದೆಯ ಜೇಬನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. “ಐವತ್ತು ವರ್ಷದ ಮಾತು ತಾಯಿ. ಮರೆತಿದೀನಿ.”

“ಯಾವ ಕುರ್ಚಿ ಕಿರುಗುಟ್ಟಿತು ಅನ್ನೋದೆಲ್ಲ ರೇಡಿಯೋದಲ್ಲಿ ಹೇಳ್ತೀರಿ, ಇದು ಮರ್ತೋಯ್ತಾ?” ವಿಲ್ಮಾ ಅವರೆದುರು ಬಂದು ನಿಂತಳು. “ನಮ್ಮಪ್ಪನ್ನ ಅವನೇ ಕೊಂದದ್ದು. ನೀವು ಅದನ್ನ ಕತ್ತರಿಸಿ ಅವನಿಗೆ ಕಿರೀಟ ಇಟ್ರಿ. ಹೌದೋ ಅಲ್ವೋ?”

ಮುದುಕ ಅವಳ ಕಡೆ ನೋಡಲಿಲ್ಲ. ನನ್ನನ್ನೇ ನೋಡಿದರು.

“ಕತ್ತರಿಸಿದ್ದು ಹೋಯ್ತು. ಇನ್ನೇನು ಹುಡುಕ್ತೀಯ?”

“ನೆರಳು,” ಎಂದೆ.

ಆ ಒಂದು ಪದ ಸಾಕಾಯಿತು. ನಲವತ್ತು ವರ್ಷ ಟೇಪಿನ ಜೊತೆ ಬಾಳಿದವರಿಗೆ ವಿವರಿಸಿ ಹೇಳುವ ಅಗತ್ಯವಿರಲಿಲ್ಲ. ನೊಯೆಮಿ ಮೆಲ್ಲಗೆ ಕೇಳಿದಳು, “ಕೆಲವು ದಿನ ಹಾಗೇ ಇಟ್ಟಿದ್ರಾ ಮಾಮ, ಆ ಸೆಕೆಯಲ್ಲಿ?”

“ಇಟ್ಟಿದ್ದೆ,” ಎಂದರು. “ಪೊಲೀಸರು ಟೇಪು ಬೇಕು ಅನ್ನೋವರೆಗೂ ಕತ್ತರಿಸೋಕೆ ಕೈ ಬರಲಿಲ್ಲ.” ಆಮೇಲೆ ಊರುಗೋಲನ್ನು ನೆಲಕ್ಕೆ ಒತ್ತಿ, “ಇಲೋನಾ, ಈ ಹುಡುಗೀನ ಹೊರಗೆ ಕಳಿಸು.”

“ಯಾವ ಹುಡುಗಿ?”

“ವಿಲ್ಮಾನ. ಆಮೇಲೆ ನಿಂಗೆ ಏನು ಬೇಕೋ ಕೇಳು, ಹೇಳ್ತೀನಿ. ನನ್ನ ಜೈಲಿಗೆ ಹಾಕ್ಸು ಬೇಕಾದ್ರೆ. ಮೊದ್ಲು ಅವಳನ್ನ ಕಳಿಸು.”

“ಐವತ್ತು ವರ್ಷ ಹೊರಗೇ ನಿಲ್ಸಿದೀರಲ್ಲ, ಸಾಲದಾ?” ನನ್ನ ದನಿ ನನಗೇ ಜಾಸ್ತಿಯಾಯಿತು. “ಈ ಹೆಂಗಸು ಎಲ್ಲಾ ಕಡೆ ತಲೆ ತಗ್ಗಿಸಿ ಬದುಕಿದಾಳೆ. ಅವಳೇ ಮೊದ್ಲು ಕೇಳ್ಲಿ.”

“ನಿನ್ನ ಕಾಲಿಗೆ ಬೀಳ್ತೀನಿ ಕಣಮ್ಮ.”

“ಸಿಕ್ತು ಅಕ್ಕ,” ಎಂದಳು ನೊಯೆಮಿ. ಗುಂಡಿ ಒತ್ತಿದಳು.

ಸ್ಪೀಕರಿನಲ್ಲಿ ಮೊದಲು ಬರೀ ಸುಯ್ಯೆನ್ನುವ ಸದ್ದು. ನಾವೆಲ್ಲ ಗಂಡಸಿನ ದನಿಗಾಗಿ ಕಿವಿ ನೆಟ್ಟು ಕೂತಿದ್ದೆವು. ತೋರ್ದಾಯ್ ಬೈಯುವುದೋ, ಅಂಬ್ರುಷ್ ಬೇಡಿಕೊಳ್ಳುವುದೋ ಕೇಳುತ್ತದೆ ಎಂದು.

ಬಂದದ್ದು ಮಗುವಿನ ಚೀರಾಟ. ಎಲ್ಲೋ ಬಾವಿಯೊಳಗಿನಿಂದ ಬಂದ ಹಾಗೆ, ಸಣ್ಣಗೆ, ಆದರೆ ಸ್ಪಷ್ಟವಾಗಿ.

“ಅಮ್ಮಾ, ಬೇಡಾ!”

ನೊಯೆಮಿ ಇನ್ನೊಮ್ಮೆ ಹಾಕಿದಳು. ಅದೇ. ಅಮ್ಮಾ, ಬೇಡಾ.

“ಯಾರ ಮಗು ಅದು?” ವಿಲ್ಮಾ ಕೇಳಿದಳು. ಆ ಕಟ್ಟಡದಲ್ಲಿ ಇದ್ದಿರಬಹುದಾದ ಮಗು ಒಂದೇ ಎಂದು ನನಗೆ ಹೊಳೆಯಿತು. ದೆಜೊ ಮಾಮನ ಮಾತು ಕೇಳಿ ಅವಳನ್ನು ಹೊರಗೆ ಕಳಿಸಬಾರದಿತ್ತೆ!

“ನೀನು ಸೆಂತೆಶ್‌ಗೆ ಹೋದದ್ದು ಆಮೇಲೆ,” ಎಂದರು ಮುದುಕ. “ಅವತ್ತು ನೀನು ಕ್ಯಾಂಟೀನಿನಲ್ಲಿದ್ದೆ. ಕೆಂಪು ಚಪ್ಪಲಿ ಹಾಕ್ಕೊಂಡಿದ್ದೆ.”

“ನಾನಾ?”

“ಸೆಕೆ ಅಂತ ತೋರ್ದಾಯ್ ಹಿಂಬಾಗಿಲು ತೆರೆಸಿದ್ರು. ಅದರಾಚೆಯೇ ಕಬ್ಬಿಣದ ಮೆಟ್ಟಿಲು. ನಾನು ಪಕ್ಕದ ಕೋಣೆಲಿ ಟೇಪಿನ ಮುಂದೆ. ನಿನ್ನ ಕೂಗು ಸ್ಪೀಕರಿನಲ್ಲಿ ಬಂತು. ಎದ್ದು ಓಡ್ದೆ. ಕಟ್ಟಡ ಸುತ್ತಿ ಬರೋ ಹೊತ್ತಿಗೆ ನಿಮ್ಮಪ್ಪ ಕೆಳಗೆ ಬಿದ್ದಿದ್ದ. ಮೇಲುಗಡೆ ನಿಮ್ಮಮ್ಮ ನಿಂತಿದ್ಲು, ನೀನು ಅವಳ ಲಂಗ ಹಿಡ್ಕೊಂಡಿದ್ದೆ. ‘ನನ್ನಿಂದಲೇ ಆಯ್ತು ದೆಜೊ, ನನ್ನಿಂದಲೇ ಆಯ್ತು’ ಅಂದ್ಲು. ಬೇರೆ ಏನೂ ಹೇಳಲಿಲ್ಲ. ಗಂಡ ಹೆಂಡ್ತಿ ದಿನಾ ಕಿತ್ತಾಡ್ತಿದ್ದದ್ದು ಕಟ್ಟಡಕ್ಕೆಲ್ಲ ಗೊತ್ತಿತ್ತು.”

“ಸುಳ್ಳು.”

“ಅಪ್ಪ ಹೋದ. ಅಮ್ಮನ್ನೂ ಕರ್ಕೊಂಡೋದ್ರೆ ನಿನ್ನ ಗತಿ ಏನು? ನನ್ನ ಮೇಜಿನಲ್ಲಿ ಪಾಲಿಂಕಾ ಸೀಸೆ ಇತ್ತು. ತಂದು ಅವನ ಅಂಗಿ ಮೇಲೆ ಸುರಿದೆ. ಜೇಬಲ್ಲಿ ಇಟ್ಟೆ.”

ನೊಯೆಮಿ ಕೈಯಿಂದ ಬಾಯಿ ಮುಚ್ಚಿಕೊಂಡಳು.

“ನಮ್ಮಪ್ಪ ಕುಡೀತಿದ್ನಾ?” ವಿಲ್ಮಾ ಕೇಳಿದಳು.

“ಇಲ್ಲ ಮಗಳೇ. ಕುಡಿದ್ರೆ ಕಿವಿ ಮಂಕಾಗುತ್ತೆ ಅಂತ ಹೊಸವರ್ಷಕ್ಕೂ ಮುಟ್ಟುತ್ತಿರ್ಲಿಲ್ಲ.”

ಇದನ್ನು ಕೇಳಲೆಂದೇ ಅವಳು ಜೀವ ಸವೆಸಿದ್ದಳು. ಸಿಕ್ಕಿತು. ಎಂಥ ಕೈಯಲ್ಲಿ ಸಿಕ್ಕಿತು!

ಆಗಲೇ ನನ್ನ ಫೋನು ಅರಚಿತು. ಬೆನ್ಸೆ. ಮುದ್ರಣದವರು ಕಾಯುತ್ತಿದ್ದಾರೆ ಎಂದ. “ಪುರಾವೆ ಸಿಕ್ತಾ ಇಲ್ವಾ, ಇಲೋನಾ? ಆ ಪದ ತೆಗೀಲಾ ಇಡ್ಲಾ, ಒಂದು ಮಾತಲ್ಲಿ ಹೇಳಿ. ಪುರಾವೆ ಏನು ಅಂತ ಆಮೇಲೆ ಎಲ್ರೂ ಕೇಳ್ತಾರೆ, ಅದಕ್ಕೂ ರೆಡಿ ಇರ್ಬೇಕು.”

ನಾನು ಫೋನನ್ನು ವಿಲ್ಮಾಳ ಮುಂದೆ ಹಿಡಿದೆ. ಬೇರೆ ಯಾರಿಗೆ ಹಕ್ಕಿತ್ತು? ಪದ ತೆಗೆದರೆ ಯಾಕೆ ಎಂದು ಹೇಳಬೇಕು. ಹೇಳಿದರೆ ಎಂಬತ್ತೈದು ದಾಟಿದ ಎತೆಲ್ಕಾಳ ಹೆಸರು ಪತ್ರಿಕೆಗೆ ಬರುತ್ತದೆ.

ವಿಲ್ಮಾ ಸಮವಸ್ತ್ರದ ಗುಂಡಿಯನ್ನು ತಿರುವುತ್ತಾ ನಿಂತಳು.

“ಇರ್ಲಿ ಬಿಡಿ,” ಎಂದಳು ಫೋನಿಗೆ. “ಕುಡುಕ ಅಂತಾನೇ ಇರ್ಲಿ.”

ಕೈಚೀಲ ಎತ್ತಿಕೊಂಡಳು. ನಾನು ಕರೆದೆ, ತಿರುಗಲಿಲ್ಲ. ಬಾಗಿಲ ಬಳಿ ಒಂದೇ ಮಾತು ಅಂದಳು: “ಅಮ್ಮ ಗಸಗಸೆ ತುಂಬಿದ ಸುರುಳಿ ಸಿಹಿ ಮಾಡಿ ಕಾಯ್ತಿರ್ತಾಳೆ. ಇವತ್ತು ಒಳ್ಳೆ ಸುದ್ದಿ ತರ್ತೀನಿ ಅಂದಿದ್ದೆ.”

ಅವಳ ಹೆಜ್ಜೆ ಸದ್ದು ಅಡಗಿತು. ನಾನು ದೆಜೊ ಮಾಮನಿಗೆ ಬೈಯಬೇಕೆಂದು ಬಾಯಿ ತೆರೆದೆ. ಬೈಯದೆ ಕಾಫಿ ಹೀರಿದೆ, ಎಂದೋ ಆರಿಹೋಗಿತ್ತು.

“ಕತ್ತರಿಸಿದ ತುಂಡು ಏನಾಯ್ತು?” ಕೇಳಿದೆ, ಕೇಳಬೇಕಲ್ಲ ಎಂದು.

ಅವರು ಎದೆಯ ಜೇಬಿಗೆ ಕೈ ಹಾಕಿದರು. ಚಪ್ಪಟೆಯಾದ ತಗಡಿನ ಡಬ್ಬಿ. ಒಳಗೆ ಕಂದು ಟೇಪಿನ ಸಣ್ಣ ಸುರುಳಿ.

“ಇವತ್ತು ಮೂಲ ಟೇಪು ಹಾಕ್ತಾರೆ ಅಂತ ಗೊತ್ತಿತ್ತು. ಕೊಡ್ಬೇಕೋ ಸುಡ್ಬೇಕೋ ತೋಚದೆ ತಂದೆ. ಸದ್ದು ಬಿಸಾಕೋದು ನಂಗೆ ಬರಲ್ಲ.”

“ಇದನ್ನ ಕೇಳಿದೀರಾ?”

“ಇಲ್ಲ. ಕೈಯಲ್ಲಿ ಚಕ್ರ ತಿರುಗಿಸಿ ಶುರು ಎಲ್ಲಿ, ಕೊನೆ ಎಲ್ಲಿ ಅಂತ ನೋಡಿ ಕತ್ತರಿಸ್ದೆ. ನಡುವಿಂದು ಕೇಳೋ ಧೈರ್ಯ ಇರ್ಲಿಲ್ಲ. ಕೇಳೋಕೇನಿದೆ? ನಂಗೆ ಗೊತ್ತಲ್ಲ.”

ಗೊತ್ತಲ್ಲ! ನಾನು ಡಬ್ಬಿಯನ್ನು ನೊಯೆಮಿಯ ಕೈಗೆ ತುರುಕಿದೆ. ಟೇಪು ಮುರುಟಿಕೊಂಡಿತ್ತು. ಅವಳು ಅದನ್ನು ಬೆಚ್ಚಗೆ ಮಾಡಿ, ಸವರಿ, ಎರಡು ತುದಿಗೂ ಹೊಸ ಟೇಪು ಹಚ್ಚುವ ಹೊತ್ತಿಗೆ ಕಿಟಕಿಯಾಚೆ ಬೆಳಕು ಇಳಿಯತೊಡಗಿತ್ತು. ವಿಲ್ಮಾಳ ಮನೆ ಅಲ್ಲಿಂದ ದೂರವೇನಿಲ್ಲ, ಟ್ರಾಮಿನಲ್ಲಿ ಸ್ವಲ್ಪವೇ ದಾರಿ.

ಚಕ್ರ ಸುತ್ತಿತು. ಈ ಸಲ ನೆರಳಲ್ಲ, ದನಿಯೇ.

“ಅಮ್ಮಾ, ಬೇಡಾ! ನೀನೂ ಬೀಳ್ತೀಯಾ!”

ಹಿಂದೆಯೇ ಹೆಂಗಸಿನ ಕೂಗು. ನನಗೆ ಚೆನ್ನಾಗಿ ಗೊತ್ತಿದ್ದ ದನಿ, ವಠಾರದಲ್ಲಿ ನಮಗೆ ಬ್ರೆಡ್ಡಿಗೆ ಬೆಣ್ಣೆ ಸವರಿ ಕೊಡಲು ಕರೆಯುತ್ತಿದ್ದ ದನಿ.

“ಕೈ ಕೊಡು ಅಂಬ್ರುಷ್! ಇನ್ನೊಂದು ಕೈ ಕೊಡು! ಅಯ್ಯೋ, ಈ ಕಂಬಿ ಯಾರು ಬಿಚ್ಚಿದ್ದು? ಮೇಸ್ಟ್ರೇ! ಬಾಗಿಲ ಪಕ್ಕದಲ್ಲೇ ಕೂತಿದೀರಲ್ಲ, ಬನ್ನಿ, ನನ್ನ ಕೈಲಿ ಎತ್ತೋಕೆ ಆಗ್ತಿಲ್ಲ! ಮೇಸ್ಟ್ರೇ!”

ಆಮೇಲೆ ಭಾರವಾದದ್ದೇನೋ ಬಿದ್ದ ಸದ್ದು. ಮಗುವಿನ ಅಳು. ಅಷ್ಟೆ.

ತೋರ್ದಾಯ್‌ನ ಕುರ್ಚಿ ಕಿರುಗುಟ್ಟಲಿಲ್ಲ. ಒಂದು ಸಲವೂ ಇಲ್ಲ. ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಕೂತಿದ್ದ ಮನುಷ್ಯ ಮಿಸುಕಲೂ ಇಲ್ಲ. ಅಳು ನಿಲ್ಲುವವರೆಗೆ ಕಾದು ಮೂರನೆಯ ಭಾಗ ಶುರು ಮಾಡಿದ. ಅದನ್ನು ಕೇಳಿ ಜಗತ್ತು ಕಣ್ಣೊರೆಸಿಕೊಳ್ಳುತ್ತದೆ.

ದೆಜೊ ಮಾಮ ಊರುಗೋಲಿನ ಮೇಲೆ ಬಗ್ಗಿಹೋಗಿದ್ದರು. “ನನ್ನಿಂದಲೇ ಅಂದ್ಲಲ್ಲ,” ಎಂದು ಗೊಣಗುತ್ತಿದ್ದರು. “ಕೈ ಜಾರಿತು ಅಂತ ಹಾಗಂದ್ಲಾ? ನಾನು ಒಬ್ಬ ಒಳ್ಳೆ ಮನುಷ್ಯನ ಮೇಲೆ ಸಾರಾಯಿ ಸುರಿದೆನಲ್ಲೇ ಇಲೋನಾ. ಸುಮ್ನೆ ಸುರಿದೆನಲ್ಲೇ.”

“ಅಳೋದು ಆಮೇಲೆ. ಕಂಬಿ ಬಿಚ್ಚಿತ್ತು ಅಂತಾಳೆ. ಪೊಲೀಸರು ಬಂದಾಗ ಭದ್ರವಾಗಿತ್ತು. ನಡುವೆ ಅದನ್ನ ಬಿಗಿದವನು ಯಾರು?”

ಅವರು ತಲೆ ಎತ್ತಿ ನನ್ನನ್ನೇ ನೋಡಿದರು. ಉತ್ತರಕ್ಕೆ ನಾನು ಕಾಯಲಿಲ್ಲ. ಮೊದಲು ವಿಲ್ಮಾ.

ಅವಳ ಫೋನು ಆರಿಸಿಟ್ಟಿತ್ತು. ಮನೆಯ ನಂಬರು ನನಗೆ ಬಾಯಿಪಾಠ. ಎತ್ತಿದವಳು ಎತೆಲ್ಕಾ.

“ಯಾರು, ಇಲೋನಾನಾ? ಬಾರೇ, ಸುರುಳಿ ಬಿಸಿಬಿಸಿ ಇದೆ. ವಿಲ್ಮಾ ಈಗ ತಾನೇ ಬಂದ್ಲು, ಕೋಟೂ ಬಿಚ್ಚದೆ ಬಾಗಿಲಲ್ಲೇ ನಿಂತಿದಾಳೆ ನೋಡು. ಏನೋ ಕೇಳ್ತಿದಾಳೆ, ತಾಳು.”

“ಎತೆಲ್ಕಾ ಅತ್ತೆ, ಫೋನ್ ಇಡ್ಬೇಡಿ! ಅವಳಿಗೆ ಕೊಡಿ!”

ಫೋನನ್ನು ಮೇಜಿನ ಮೇಲೆ ಇಟ್ಟ ಸದ್ದು. ಮುದುಕಿ ಆಗಲೇ ಅದನ್ನು ಕಿವಿಯಿಂದ ತೆಗೆದಿದ್ದಳು, ನನ್ನ ಮಾತು ಕೇಳಿಸಿರಲಿಲ್ಲ. ದೂರದಿಂದ ವಿಲ್ಮಾಳ ದನಿ, ಸ್ಪೀಕರಿನ ಆ ನೆರಳಿನಷ್ಟೇ ಸಣ್ಣಗೆ ಬಂತು.

“ಅಮ್ಮ, ಅಪ್ಪನ್ನ ನೀನೇನಾ ತಳ್ಳಿದ್ದು?”

ನಾನು ಗಂಟಲು ಹರಿಯುವ ಹಾಗೆ ಕೂಗಿದೆ. ವಿಲ್ಮಾ, ತಳ್ಳಿಲ್ಲ ಕಣೇ, ಎಳೀತಿದ್ಲು, ವಿಲ್ಮಾ! ಮೇಜಿನ ಮೇಲಿನ ಫೋನಿನಿಂದ ಅದು ಯಾರ ಕಿವಿಗೆ ಮುಟ್ಟಬೇಕು?

ಎತೆಲ್ಕಾ, ಐವತ್ತು ವರ್ಷದ ಹಿಂದೆ ಮೆಟ್ಟಿಲ ಮೇಲೆ ನಿಂತು ಹೇಳಿದ ಮಾತನ್ನೇ ಹೇಳಿದಳು.

“ನನ್ನಿಂದಲೇ ಆಯ್ತು ಮಗಳೇ. ನನ್ನಿಂದಲೇ ಆಯ್ತು.”

ಬಾಗಿಲು ಬಡಿದುಕೊಂಡ ಸದ್ದು ಕೇಳಿತು.